ನೀಲವ್ವನ ಒಲೆ

"ಗುರುಗಳೇ, ಬಡವರಿಗೆ ಮಾಡುವ ಉಪಕಾರಕ್ಕೆ ಪ್ರತಿಫಲ ತೆಗೆದುಕೊಳ್ಳಬಹುದೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ನೀಲವ್ವ ಎಂಬ ಕುಂಬಾರಗಿತ್ತಿ ಇದ್ದಳು. ಅವಳ ತಂಗಿ ಒಲೆಯ ಹೊಗೆ ಕುಡಿದು ಕುಡಿದು, ಕೆಮ್ಮು ಹತ್ತಿ ಹಾಸಿಗೆ ಹಿಡಿದಳು. ನೀಲವ್ವ ಬೇರೊಂದು ಬಗೆಯ ಮಣ್ಣಿನ ಒಲೆ ಮಾಡಿ, ಹೊಗೆ ಸೂರಿನಾಚೆ ಹೋಗುವಂತೆ ಅದಕ್ಕೊಂದು ಕೊಳವೆ ಇಟ್ಟಳು. ಮಳೆಗಾಲ ಮುಗಿಯುವಷ್ಟರಲ್ಲಿ ತಂಗಿ ಎದ್ದು ಓಡಾಡತೊಡಗಿದಳು.

ಇದನ್ನು ಕಂಡ ಎಣ್ಣೆ ವ್ಯಾಪಾರಿಯೊಬ್ಬ ಸಂತೋಷಪಟ್ಟು, "ಊರಿಗೆಲ್ಲ ಇಂಥ ಒಲೆ ಹಾಕು, ಖರ್ಚು ನನ್ನದು" ಎಂದ. ಅವಳು ಬಿಡುವಿಲ್ಲದೆ ದುಡಿದು ಮನೆಮನೆಗೂ ಒಲೆ ಹಾಕಿದಳು. ಮುಂದಿನ ವರ್ಷ ಹೋಗಿ ನೋಡಿದರೆ ಒಬ್ಬರ ಒಲೆಯಲ್ಲಿ ಕೋಳಿ ಕಾವಿಗೆ ಕೂತಿತ್ತು. ಇನ್ನೊಬ್ಬರು ಕೊಳವೆ ಕಿತ್ತು ಬಚ್ಚಲಿಗೆ ಹಾಕಿಕೊಂಡಿದ್ದರು. ಬಿರುಕು ಬಿಟ್ಟ ಒಲೆಗೆ ಮಣ್ಣು ಮೆತ್ತುವವರಿರಲಿಲ್ಲ. ಹೆಂಗಸರು ಮತ್ತೆ ಹಳೆಯ ಒಲೆಯ ಮುಂದೆ ಕೂತು ಕೆಮ್ಮುತ್ತಿದ್ದರು. ಅಷ್ಟರಲ್ಲಿ ವ್ಯಾಪಾರಿಯ ವ್ಯಾಪಾರವೂ ಇಳಿದಿತ್ತು. ಅವನು ಕೈ ಚೆಲ್ಲಿದ.

ನೀಲವ್ವ ಆ ದಿನ ಅತ್ತಳು. ಮಾರನೆಯ ದಿನ ಪೇಟೆಗೆ ಹೋಗಿ, ಒಂದು ಖಾನಾವಳಿಗೆ ದೊಡ್ಡ ಒಲೆ ಹಾಕಿಕೊಟ್ಟು ಒಳ್ಳೆಯ ಬೆಲೆ ಪಡೆದಳು. ಈ ಒಲೆಯಿಂದ ಸೌದೆ ಉಳಿತಾಯವಾಗುತ್ತದೆಂದು ಕೇಳಿ ಮಿಠಾಯಿ ಅಂಗಡಿಯವರೂ ಕರೆದರು. ಆ ಗಳಿಕೆ ಇದ್ದುದರಿಂದ ತನ್ನ ಊರಿನಲ್ಲಿ ಅರ್ಧ ಬೆಲೆಗೆ ಒಲೆ ಹಾಕಿದಳು. ಅಷ್ಟೂ ಕೊಡಲಾಗದವರಿಗೆ, "ಮಣ್ಣು ಹೊತ್ತು ತನ್ನಿ, ನನ್ನ ಜೊತೆ ತುಳಿಯಿರಿ, ಒಲೆ ನಿಮ್ಮದು" ಎಂದಳು. ತಾವೇ ತುಳಿದ ಮಣ್ಣಿನ ಒಲೆಯ ಹತ್ತಿರ ಕೋಳಿ ಸುಳಿದರೆ ಆ ಹೆಂಗಸರು ಪೊರಕೆ ಹಿಡಿದು ಅಟ್ಟುತ್ತಿದ್ದರು.

ಸುತ್ತಲಿನ ಊರುಗಳಿಂದಲೂ ಕರೆ ಬಂತು. ಅದು ಒಬ್ಬಳಿಂದ ಆಗುವ ಕೆಲಸವಲ್ಲ. ನೀಲವ್ವ, ಕೆಲಸ ಕಲಿತ ಹೆಂಗಸರ ಕೈಗೆ ಒಲೆಯ ಅಚ್ಚು ಕೊಟ್ಟು, "ನೀವೇ ಹೋಗಿ ಹಾಕಿ. ಬಂದದ್ದು ನಿಮಗೇ. ಆದರೆ ಒಡೆದರೆ ಹೋಗಿ ಸರಿಮಾಡಿಕೊಡಬೇಕು" ಎಂದಳು.

ವ್ಯಾಪಾರಿ ಗಾಬರಿಯಾದ. "ಏನಮ್ಮಾ ನೀಲವ್ವ, ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕಿಕೊಂಡೆಯಲ್ಲ!"

ನೀಲವ್ವ ನಕ್ಕಳು. "ನನಗಿರೋದು ಎರಡೇ ಕೈ, ಸಾವ್ಕಾರ್ರೇ. ಕೆಮ್ಮೋರು ಊರೂರಿಗೂ ಇದ್ದಾರೆ."

ಕೆಲವೇ ವರ್ಷಗಳಲ್ಲಿ, ಅವಳು ಕಾಲಿಡದ ಊರುಗಳ ಸೂರಿನ ಮೇಲೂ ಕೊಳವೆಗಳು ಎದ್ದವು. ಅವಳೂ ಚೆನ್ನಾಗಿಯೇ ಬದುಕಿದಳು. ತಂಗಿಗೊಂದು ಎಮ್ಮೆ ಕೊಡಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ಅವಳು ಮಾಡಿದ್ದು ಸೇವೆಯೋ, ವ್ಯಾಪಾರವೋ?"

"ಕೆಮ್ಮು ನಿಂತ ಮನೆಯವರು ಯಾರೂ ಅದನ್ನು ಕೇಳಲಿಲ್ಲ, ಮಗು" ಎಂದರು ಗುರುಗಳು.