ಮನೆಗಾಡಿಯ ಎರಡು ಬ್ಯಾಟರಿ

ಆಗಸ್ಟ್ ಹನ್ನೊಂದು, ಸೋಮವಾರ. ಬೆಳಗಿನಿಂದ ಜಿಟಿಜಿಟಿ ಮಳೆ. ಹತ್ತರ ಹೊತ್ತಿಗೆ ನಿಂತಿತಾದರೂ ಮೋಡ ಕದಲಲಿಲ್ಲ.

ಗುರುಗಳ ಮನೆಗಾಡಿ ನದಿಯ ದಂಡೆಯಲ್ಲಿ ನಿಂತು ತಿಂಗಳಾಗಿತ್ತು. ಅದೊಂದು ಹಳೆಯ ಮಿನಿಬಸ್ಸು. ಒಳಗೆ ಒಂದು ಮಂಚ, ಒಂದು ಒಲೆ, ಎರಡು ಸಾಲು ಪುಸ್ತಕ; ಅವರ ಆಶ್ರಮವೆಂದರೆ ಅದೇ. ವರ್ಷವೆಲ್ಲ ಊರೂರು ತಿರುಗುವ ಗುರುಗಳು ಚಾತುರ್ಮಾಸ್ಯದಲ್ಲಿ ಮಾತ್ರ ಒಂದೆಡೆ ನಿಲ್ಲುತ್ತಿದ್ದರು. ವ್ರತ ಮುಗಿಯುವವರೆಗೆ ಅವರು ಸೇತುವೆ ದಾಟುವಂತಿಲ್ಲ. ಮೂವತ್ತೊಂದು ವರ್ಷಗಳಲ್ಲಿ ಒಮ್ಮೆಯೂ ವ್ರತ ತಪ್ಪಿರಲಿಲ್ಲ.

ಗಾಡಿಯಲ್ಲಿ ಎರಡು ಬ್ಯಾಟರಿ. ಒಂದು ದೀಪಕ್ಕೆ, ಫ್ಯಾನಿಗೆ; ಚಾವಣಿಯ ಮೇಲಿನ ಸೋಲಾರ್ ಅದನ್ನು ತುಂಬಿಸುತ್ತಿತ್ತು. ಇನ್ನೊಂದು ಎಂಜಿನ್ ಚಾಲೂ ಮಾಡಲಿಕ್ಕೆ; ಗಾಡಿ ನಿಂತಷ್ಟು ದಿನ ಅದು ಸೊರಗುತ್ತಿತ್ತು.

ಅದಕ್ಕೆಂದೇ ಶಿಷ್ಯ ತ್ರಯಂಬಕ ಆಚೆ ದಡದ ಪೇಟೆಯ ದಾದಾಪೀರನ ಬ್ಯಾಟರಿ-ರಿಪೇರಿ ಅಂಗಡಿಯಿಂದ ಒಂದು ಪುಟ್ಟ ಡಬ್ಬಿ ತಂದು ಎರಡು ಬ್ಯಾಟರಿಗಳ ನಡುವೆ ಜೋಡಿಸಿದ್ದ. ದೀಪದ ಬ್ಯಾಟರಿಯಲ್ಲಿ ಹೆಚ್ಚಾದದ್ದನ್ನು ಅದು ಎಂಜಿನ್ನಿನ ಬ್ಯಾಟರಿಗೆ ತುಸುತುಸುವೇ ಉಣಿಸಬೇಕು.

ಆ ಸೋಮವಾರ ತ್ರಯಂಬಕ ಪರೀಕ್ಷೆಗೆಂದು ಸೆಲ್ಫ್ ಹೊಡೆದ. ಟಕ್ ಎಂದಿತು. ಮತ್ತೆ ಹೊಡೆದ. ಅದೂ ಇಲ್ಲ.

ಅವನ ಕಿವಿ ಕೆಂಪಾದವು. ಡಬ್ಬಿಯನ್ನು ಕಿತ್ತು ಜೇಬಿಗೆ ತುರುಕಿಕೊಂಡವನೇ ಸೈಕಲ್ ಹತ್ತಿ ಸೇತುವೆ ದಾಟಿದ.

ಮಧ್ಯಾಹ್ನ ಮರಳಿ ಬಂದಾಗಲೂ ಕೋಪ ಇಳಿದಿರಲಿಲ್ಲ.

"ಸರಿಯಾಗಿ ಉಗಿದು ಬಂದೆ ಗುರುಗಳೇ. ನಿಮ್ಮ ಗಾಡಿಗೇ ಹೀಗೆ ಕೆಟ್ಟ ಮಾಲು ಕೊಟ್ಟವನು ಬಡಪಾಯಿ ಆಟೋದವರಿಗೆ ಇನ್ನೇನು ಕೊಡ್ತಿರಬೇಕು!"

"ಏನೆಂದು ಉಗಿದೆ?"

"ಕಳ್ಳ ಅಂದೆ. ನಿನ್ನ ಅಂಗಡಿಗೆ ಬೀಗ ಹಾಕಿಸ್ತೀನಿ ಅಂದೆ. ಡಬ್ಬೀನ ಅವನ ಗಲ್ಲಾದ ಮೇಲೆ ಎಸೆದೆ."

"ಅವನೇನೆಂದ?"

"'ಮೀಟರ್ ಹಿಡಿದು ನೋಡಿದಿರಾ ಸ್ವಾಮಿ?' ಅಂತ ನನ್ನನ್ನೇ ಕೇಳ್ತಾನೆ! ಸಕ್ಕರೆ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನಿಗೆ ಪಾಠ! ಆಮೇಲೆ ಮಾತಾಡದೆ ದುಡ್ಡು ವಾಪಸ್ ಕೊಟ್ಟ. ತಪ್ಪಿಲ್ಲದಿದ್ದರೆ ಯಾಕೆ ಕೊಡ್ತಿದ್ದ?"

"ಅಂಗಡಿಯಲ್ಲಿ ಬೇರೆ ಯಾರಿದ್ದರು?"

"ಐದಾರು ಜನ. ಒಬ್ಬನಂತೂ ರಿಪೇರಿಗೆ ಬಿಟ್ಟಿದ್ದ ಆಟೋನ ಆಗಲೇ ತಳ್ಳಿಕೊಂಡು ಹೋದ."

ಹಾಗೆನ್ನುವಾಗ ತ್ರಯಂಬಕನಿಗೆ ಒಳಗೊಳಗೇ ಹಾಯೆನಿಸಿತು.

ಗುರುಗಳು ಎದ್ದು ಗಾಡಿಯೊಳಗೆ ಹೋದರು.

"ಆ ಡಬ್ಬಿ ಇದ್ದದ್ದೆಲ್ಲಿ?"

ಮಂಚದ ಕೆಳಗೆ ಎರಡು ಕೆಂಪು ವೈರುಗಳ ತುದಿ ಜೋತಾಡುತ್ತಿದ್ದವು. ಒಂದಕ್ಕೆ ಬಿಳಿ ಟೇಪು ಸುತ್ತಿತ್ತು.

"ಈ ಟೇಪು?"

"ಗುರುತಿಗೆ ಸುತ್ತಿದ್ದೆ. ಆ ವೈರಿಂದ ಡಬ್ಬಿ ಒಳಗೆ ಕರೆಂಟು ಬರ್ತದೆ. ಇನ್ನೊಂದರಿಂದ ಹೊರಗೆ ಹೋಗ್ತದೆ."

ಗುರುಗಳಿಗೆ ಕರೆಂಟಿನ ಗಂಧಗಾಳಿ ಇರಲಿಲ್ಲ. ಟೇಪು ಸುತ್ತಿದ ವೈರಿನ ಮೇಲೆ ಬೆರಳಿಟ್ಟು, ಅದು ಹೋದತ್ತ ಬಗ್ಗಿಕೊಂಡು ನಡೆದರು. ವೈರು ಒಲೆಯ ಹಿಂದೆ ಹಾದು, ಪುಸ್ತಕಗಳ ಕೆಳಗೆ ನುಸುಳಿ, ಡ್ರೈವರ್ ಸೀಟಿನ ಅಡಿಗೆ ಹೋಯಿತು. ಬೆರಳೂ ಹೋಯಿತು. ಬ್ಯಾಟರಿಯೊಂದರ ಮೇಲೆ ನಿಂತಿತು.

"ಇದು ಯಾವುದು?"

ತ್ರಯಂಬಕ ಬಗ್ಗಿ ನೋಡಿದ. ಅದು ಎಂಜಿನ್ನಿನ ಬ್ಯಾಟರಿ.

ಅವನು ವೈರುಗಳನ್ನು ಅದಲುಬದಲು ಜೋಡಿಸಿದ್ದ. ಮೋಡ ಕವಿದ ಒಂದು ತಿಂಗಳು ಡಬ್ಬಿ ತನಗೆ ಹೇಳಿದ್ದನ್ನೇ ಮಾಡಿತ್ತು. ಎಂಜಿನ್ನಿನದನ್ನು ಹೀರಿ ದೀಪಕ್ಕೆ ಉಣಿಸಿತ್ತು.

ತ್ರಯಂಬಕ ನೆಟ್ಟಗಾದ.

"ಅಲ್ಲ ಗುರುಗಳೇ, ಯಾವ ಬ್ಯಾಟರಿ ಯಾವ ಕಡೆಗೆ ಅಂತ ಬರೆದದ್ದು ಕರೀ ಡಬ್ಬಿ ಮೇಲೆ ಬೂದು ಅಕ್ಷರದಲ್ಲಿ! ಅದೂ ಸಾಸಿವೆ ಕಾಳಿನಷ್ಟು. ಯಾವ ಕಣ್ಣಿಗೆ ಕಾಣಬೇಕು? ಮಾರುವವನು ಹೇಳಬೇಡವೇ?"

"ತಾನೇ ಬಂದು ಜೋಡಿಸ್ತೀನಿ ಅಂದಿದ್ದ ಅಂತ ನೀನೇ ಹೇಳಿದ್ದೆಯಲ್ಲ?"

"ಅಂದಿದ್ದ."

"ನೀನೇನೆಂದೆ?"

"ಬೇಡ ಅಂದೆ."

"ಹೋಗಿ ಕ್ಷಮೆ ಕೇಳು."

"ಆಗಲಿ. ಈಗಲೇ ಫೋನ್ ಮಾಡ್ತೀನಿ."

"ಬೈದದ್ದು ಫೋನಿನಲ್ಲೋ?"

ಮಂಗಳವಾರ ಮಳೆ ಜೋರಾಯಿತು, ತ್ರಯಂಬಕ ಹೋಗಲಿಲ್ಲ. ಬುಧವಾರ ಸೈಕಲ್ಲಿನ ಗಾಳಿ ಹೋಗಿತ್ತು. ಗುರುವಾರ ಒಂದು ಕಾಗದ ಬರೆದು ತಂದು ಗುರುಗಳ ಮುಂದಿಟ್ಟ.

ಗುರುಗಳು ಓದಿದರು.

"ನಾಲ್ಕು ಸಾಲಿವೆ. ಮೂರರಲ್ಲಿ ಅಕ್ಷರ ಚಿಕ್ಕದಾಯಿತೆಂಬ ದೂರು."

"ಇದ್ದದ್ದನ್ನ ಬರೆದೆ."

"ಇದನ್ನ ಆ ಆಟೋದವನಿಗೆ ಓದಿ ಹೇಳುವವರು ಯಾರು?"

ತ್ರಯಂಬಕನಿಗೆ ತಡೆಯಲಾಗಲಿಲ್ಲ.

"ಅಷ್ಟು ಜನರ ಮುಂದೆ ನಾನು ಹೋಗಿ ತಲೆ ತಗ್ಗಿಸಬೇಕಾ? ಒಂದು ವೈರಿಗೋಸ್ಕರ? ನಾಳೆ ಪೇಟೆಯಲ್ಲಿ ನಗೋದು ನನ್ನನ್ನಲ್ಲ ಗುರುಗಳೇ, ಆಶ್ರಮವನ್ನ. ಆಶ್ರಮದ ಮರ್ಯಾದೆ ಏನಾಗಬೇಕು?"

"ಓಹೋ, ಆಶ್ರಮದ್ದೋ," ಎಂದರು ಗುರುಗಳು. "ಹಾಗಾದರೆ ನೀನು ತಲೆ ಕೆಡಿಸಿಕೊಳ್ಳಬೇಡ. ಅದನ್ನ ನಾನು ನೋಡಿಕೊಳ್ಳುತ್ತೇನೆ."

ತ್ರಯಂಬಕನ ಎದೆ ಹಗುರವಾಯಿತು. ಕೊನೆಗೂ ಗುರುಗಳಿಗೆ ತನ್ನ ಮಾತು ಹಿಡಿಸಿತಲ್ಲ ಎಂದುಕೊಂಡ.

ಶುಕ್ರವಾರ ಮಧ್ಯಾಹ್ನ ಗುರುಗಳು ಊಟಕ್ಕೆ ಬರಲಿಲ್ಲ. ತ್ರಯಂಬಕ ಎಲೆ ಹಾಕಿ ಕಾದ. ಅನ್ನ ಆರಿತು, ಸಾರು ಆರಿತು. ನದಿಯ ಕೆಳಗಡೆ ಎಲ್ಲೋ ಜಪಕ್ಕೆ ಕೂತಿರಬೇಕು. ಸಂಜೆ ಬಂದವರು ಒಂದು ಲೋಟ ಗಂಜಿ ಸಾಕೆಂದರು.

ತ್ರಯಂಬಕನಿಗೆ ಮತ್ತೆ ಉರಿಯಿತು. ನನ್ನ ಮೇಲಿನ ಸಿಟ್ಟಿಗೆ ಉಪವಾಸ! ಎರಡು ಮಾತು ಬೈದಿದ್ದರೆ ಆಗುತ್ತಿರಲಿಲ್ಲವೇ? ಹೊಟ್ಟೆ ಸುಟ್ಟುಕೊಂಡು ಶಿಷ್ಯನನ್ನು ಸುಡುವುದು ಯಾವ ನ್ಯಾಯ?

ಶನಿವಾರ ಬೆಳಿಗ್ಗೆ ದಾದಾಪೀರ್ ಮೊಪೆಡ್ಡಿನಲ್ಲಿ ಬಂದ. ತ್ರಯಂಬಕನ ಕಡೆ ನೋಡಲಿಲ್ಲ. ಅದೇ ಡಬ್ಬಿಯನ್ನು ಚೀಲದಿಂದ ತೆಗೆದು ಮಂಚದ ಕೆಳಗೆ ಕೂರಿಸಿದ. ವೈರು ಬದಲಿಸಿದ, ಎರಡೂ ಕಡೆ ಫ್ಯೂಸ್ ಹಾಕಿದ, ಮೀಟರ್ ಹಿಡಿದು ನೋಡಿದ. ತಾನು ತಂದಿದ್ದ ಬ್ಯಾಟರಿಯಿಂದ ತಂತಿ ಕೊಟ್ಟು ಸೆಲ್ಫ್ ಹೊಡೆದ. ಗಾಡಿ ಒಂದೇ ಏಟಿಗೆ ಚಾಲೂ ಆಯಿತು.

ತ್ರಯಂಬಕ ಗಂಟಲು ಸರಿಮಾಡಿಕೊಂಡ.

"ದಾದಾಪೀರ್, ಅವತ್ತು ನಾನು..."

"ಆ ಮಾತು ಬಿಡಿ ಸ್ವಾಮಿ. ನೀವು ಕಳ್ಳ ಅಂದದ್ದಕ್ಕೆ ನನಗೀಗ ಸಿಟ್ಟಿಲ್ಲ. ಆಟೋದವನೂ ವಾಪಸ್ ಬಂದ."

"ಮತ್ತೆ ಮುಖ ಯಾಕೆ ಹೀಗೆ ಉಬ್ಬಿಸಿಕೊಂಡಿದ್ದೀರಿ?"

"ಅದು ಬೇರೆ ಸಿಟ್ಟು."

"ಎಷ್ಟು ಕೊಡಬೇಕು, ಹೇಳಿಬಿಡಿ."

"ಸಂದಾಯ ಆಗಿದೆ."

"ಯಾರು ಕೊಟ್ಟರು? ಆಶ್ರಮದ ದುಡ್ಡಿನ ಚೀಲ ನನ್ನ ಸೊಂಟದಲ್ಲಿದೆ!"

"ಕೊಡಬೇಕಾದ್ದಕ್ಕಿಂತ ಜಾಸ್ತಿಯೇ ಕೊಟ್ಟರು. ನಾನು ಬೇಡ ಬೇಡ ಅಂದೆ. ಅವತ್ತು ಇದ್ದವರನ್ನೆಲ್ಲ ಕರೆಸಿ, ಅವರ ಎದುರಿಗೇ ಕೊಟ್ಟರು." ದಾದಾಪೀರ್ ಮೊಪೆಡ್ ತುಳಿದ. "ನೀವು ಕೊಡದೆ ಇಟ್ಟುಕೊಂಡದ್ದನ್ನ ಅವರ ಕೈಲಿ ಕೊಡಿಸಿದಿರಲ್ಲ, ಸಿಟ್ಟು ಅದಕ್ಕೆ. ಹೋಗಿ ಅವರನ್ನೇ ಕೇಳಿ."

ತ್ರಯಂಬಕ ದಡದಡನೆ ನದಿಗೆ ಇಳಿದ. ಗುರುಗಳು ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು.

"ಇದು ಅನ್ಯಾಯ ಗುರುಗಳೇ! ನನಗೊಂದು ಮಾತು ಹೇಳದೆ ಕೊಟ್ಟುಬಿಟ್ಟಿರಾ? ಅರ್ಧ ಗಂಟೆಯ ಕೆಲಸ ಅದು. ಅವನ ಬಾಯಲ್ಲೇ ಬಂತು, ಜಾಸ್ತಿ ಆಯಿತು ಅಂತ. ಎಷ್ಟು ಕೊಟ್ಟಿರಿ? ಎಲ್ಲಿಂದ ಕೊಟ್ಟಿರಿ?"

ಗುರುಗಳು ಬಟ್ಟೆ ಹಿಂಡಿ ಹೆಗಲಿಗೆ ಹಾಕಿಕೊಂಡರು.

"ನಿನ್ನ ಚೀಲದಿಂದ ಏನೂ ಹೋಗಿಲ್ಲ, ತ್ರಯಂಬಕ. ನಿನ್ನೆ ಸೇತುವೆ ದಾಟಿದೆ. ಈ ಸಲದ ಚಾತುರ್ಮಾಸ್ಯ ಕೊಟ್ಟು ಬಂದೆ."