ಬೋರಲಿಂಗ ಪರದೇಶದವರಿಗೆ ಊರು ತೋರಿಸಿದ್ದು

ಹೂಂಗುಟ್ಟುವವರು ಹತ್ತಿರ ಬನ್ನಿ, ಆಕಳಿಸುವವರು ಗೋಡೆಗೆ ಒರಗಿಕೊಳ್ಳಿ. ಬಸವನಕೋಟೆಯಲ್ಲಿ ಕೆಂಪಾಜಮ್ಮ ಅಂತ ಒಬ್ಬಳು ತಾಯಿ, ಅವಳಿಗೆ ಬೋರಲಿಂಗ ಅಂತ ಒಬ್ಬನೇ ಮಗ. ಆಳು ನೋಡಿದರೆ ಆರಡಿ, ಬುದ್ಧಿ ನೋಡಿದರೆ ಅಂಗೈಯಗಲವೂ ಇಲ್ಲ. ಬಾಗಿಲು ನೋಡಿಕೊಂಡಿರು ಅಂದರೆ ಬಾಗಿಲನ್ನೇ ನೋಡುತ್ತ ಕೂರುವವನು. ಕಳ್ಳ ಹಿತ್ತಲಿಂದ ಬಂದು ಪಾತ್ರೆ ಹೊತ್ತುಕೊಂಡು ಹೋದರೂ ಕತ್ತು ತಿರುಗಿಸುವವನಲ್ಲ. ಇಂಥವನಿಗೆ ಹೆಣ್ಣು ಕೊಡುವವರು ಯಾರು? ಅದೇ ಅವಳ ಕೊರಗು.

ಕೊನೆಗೆ ಅವಳ ಅಣ್ಣ ಮರಿಯಪ್ಪನೇ ಒಂದು ದಾರಿ ತೋರಿಸಿದ. ಅವನು ಮೈಸೂರಿನ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಹಾಲೆಂಡಿನಿಂದ ಬಂದ ಗಂಡಹೆಂಡತಿ, ಯಾನ್ ಮತ್ತು ಮಾರಿಟ್, ಅವನ ದೋಸೆ ತಿಂದು ತಿಂದು ಸ್ನೇಹಿತರಾಗಿದ್ದರು. ಅವರನ್ನು ತಂಗಿಯ ಮನೆಗೆ ತಂದು ಬಿಟ್ಟು, ನನಗೆ ರಜೆಯಿಲ್ಲ, ನಿನ್ನ ಮಗ ಇವರಿಗೆ ಊರು ತೋರಿಸಲಿ ಅಂದ. ಇವರು ನಗುನಗುತ್ತ ಹೊರಟರೆ ನನ್ನ ಮಗಳು ಸುಕನ್ಯಾ ಅವನಿಗೆ, ಮುಖ ಗಂಟಿಕ್ಕಿಕೊಂಡು ಹೊರಟರೆ ಆ ಮಾತು ಅಲ್ಲಿಗೇ ಮುಗಿಯಿತು ಅಂದ. ಸುಕನ್ಯಾಳನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳುವ ಪದ್ಧತಿ ನಮ್ಮಲ್ಲಿ ಎಲ್ಲಿದೆ?

ಆ ದಂಪತಿಗೆ ಮರಿಯಪ್ಪ ಕಲಿಸಿದ್ದ ಕನ್ನಡ ಒಂದೇ ಮಾತು: "ಚೆನ್ನಾಗಿದೆ." ದೋಸೆಗೂ ಅದೇ, ಸೊಳ್ಳೆಗೂ ಅದೇ.

ಕೆಂಪಾಜಮ್ಮ ಮಗನನ್ನು ಕೂರಿಸಿಕೊಂಡು, ಮನೆಗೆ ಬಂದೋರು ಅಂದರೆ ದೇವರು, ದೇವರನ್ನು ನೋಡಿಕೊಂಡ ಹಾಗೆ ನೋಡಿಕೋ ಅಂತ ಹೇಳಿ, ಇಡ್ಲಿ ಬೇಯಿಸಿಟ್ಟು ನಸುಕಿನಲ್ಲೇ ಸಂತೆಗೆ ಹೋದಳು.

"ಆಯ್ತು ಕಣವ್ವ, ನೀನ್ ಹೇಳ್ದಂಗೆ" ಅಂದ ಬೋರಲಿಂಗ.

ಬೆಳಗಾಗುತ್ತಲೇ ಅವರ ಕಿವಿಯ ಬಳಿ ಗಂಟೆ ಬಾರಿಸಿ ಎಬ್ಬಿಸಿದ. ಹಣೆಗೆ ಕುಂಕುಮ ಮೆತ್ತಿದ, ತಲೆಯ ಮೇಲೆ ಹೂ ಸುರಿದ. ಬಿಸಿಬಿಸಿ ಇಡ್ಲಿಯ ತಟ್ಟೆಯನ್ನು ಅವರ ಮುಂದಿಟ್ಟ, ಪಂಚೆಯನ್ನು ಪರದೆಯಾಗಿ ಹಿಡಿದ, ಪರದೆ ಸರಿಸಿದ, ತಟ್ಟೆ ಎತ್ತಿಕೊಂಡು ಹೋಗಿ ಇಡ್ಲಿಯನ್ನು ಬೀದಿಯವರಿಗೆ ಪ್ರಸಾದವೆಂದು ಹಂಚಿಬಿಟ್ಟ. ಉಳಿದದ್ದನ್ನು ಕಣ್ಣಿಗೊತ್ತಿಕೊಂಡು ತಾನು ತಿಂದ. ಮಧ್ಯಾಹ್ನವಾಗುತ್ತಲೇ ಮಂಗಳಾರತಿ ಎತ್ತಿ, ಗುಡಿಯ ಬಾಗಿಲು ಹಾಕುವ ಹಾಗೆ ಹೊರಗಿನಿಂದ ಬೀಗ ಜಡಿದ. ತಾಯಿ ಸಂಜೆ ಬಂದು ಬೀಗ ತೆಗೆದರೆ, ಹಸಿದು ಬೆಂಡಾದ ಇಬ್ಬರೂ ನಡುಗುವ ದನಿಯಲ್ಲಿ "ಚೆನ್ನಾಗಿದೆ" ಅಂದರು.

"ಅಯ್ಯೋ ನನ್ನ ಕರ್ಮವೇ! ದೇವರು ಅನ್ನೋದು ಬಾಯಿಮಾತಿಗೆ ಕಣೋ. ಇವರಿಗೆ ಹಸಿವಾಗ್ತದೆ" ಅಂತ ತಲೆ ಚಚ್ಚಿಕೊಂಡಳು. ಆಮೇಲೆ ಬುದ್ಧಿ ಹೇಳಿದಳು: ನಾಳೆ ಕೋಟೆ ತೋರಿಸು, ಚೆನ್ನಾಗಿರೋದು ಮಾತ್ರ ತೋರಿಸು. ಕೊಳಕು ಅವರ ಕಣ್ಣಿಗೆ ಬೀಳಬಾರದು, ಬಿದ್ದರೆ ದೇಶದ ಮಾನ ಹೋಗುತ್ತದೆ.

"ಆಯ್ತು ಕಣವ್ವ, ನೀನ್ ಹೇಳ್ದಂಗೆ."

ಮಾರನೆಯ ದಿನ ಹೊಸಿಲು ದಾಟಿದರೆ ಎದುರಿಗೇ ಚರಂಡಿ. ಬೋರಲಿಂಗ ಎರಡು ಟವೆಲು ತೆಗೆದು ಇಬ್ಬರ ಕಣ್ಣಿಗೂ ಕಟ್ಟಿದ. ಇದೂ ಇಲ್ಲಿಯ ಒಂದು ಆಚಾರವಿರಬೇಕೆಂದು ಅವರು ಭಕ್ತಿಯಿಂದ ತಲೆ ಬಗ್ಗಿಸಿದರು. ಪರದೇಶದವರ ಪೆದ್ದುತನವೂ ಕಡಿಮೆಯದಲ್ಲ. ಚರಂಡಿ ಮುಗಿಯಿತು ಅಂದರೆ ತಿಪ್ಪೆ, ತಿಪ್ಪೆ ದಾಟಿದರೆ ಮೂತ್ರದ ಗೋಡೆ. ಕೋಟೆಯ ಬಾಗಿಲಲ್ಲಿ ಟವೆಲು ಬಿಚ್ಚಲು ಹೋದ, ಕಲ್ಲಿನ ಆನೆಯ ಮೇಲೆ ಯಾರೋ ಎಲೆಯಡಿಕೆ ಉಗಿದಿದ್ದರು, ಮತ್ತೆ ಕಟ್ಟಿದ. ಒಳಗೆ ಗೋಡೆ ತುಂಬ ಪ್ರೇಮಿಗಳ ಹೆಸರು, ಕೊಳದ ತುಂಬ ಪ್ಲಾಸ್ಟಿಕ್ಕು. ಹೀಗೆ ಕೋಟೆಯನ್ನೆಲ್ಲ ಎಡವಿಸಿ ಎಡವಿಸಿ ಸುತ್ತಿಸಿ, ಕೊನೆಗೆ ಬುರುಜಿನ ಮೇಲೆ ಅಂಗಾತ ಮಲಗಿಸಿ ಟವೆಲು ಬಿಚ್ಚಿದ. ಅವರು ಆಕಾಶ ನೋಡಿದರು. ಆಕಾಶ ಚೆನ್ನಾಗಿತ್ತು, ಅದು ನಮ್ಮ ಕೈಗೆ ಎಟುಕುವುದಿಲ್ಲವಲ್ಲ.

ಮಂಡಿ ತರಚಿಕೊಂಡು ಬಂದವರನ್ನು ನೋಡಿ ಕೆಂಪಾಜಮ್ಮ ಅತ್ತೇಬಿಟ್ಟಳು. ಅವರು ನಗುತ್ತ ಹೋಗದಿದ್ದರೆ ಇವನು ಸಾಯುವವರೆಗೂ ಒಂಟಿ. ಅದಕ್ಕೆ ಇನ್ನೊಂದು ಬುದ್ಧಿ ಹೇಳಿದಳು. "ನಾಳೆ ಹೊರಡ್ತಾರೆ. ಬರಿಗೈಲಿ ಕಳಿಸಬ್ಯಾಡ. ಅವರು ಯಾವುದನ್ನ ಚೆನ್ನಾಗಿದೆ ಅಂತಾರೋ ಅದನ್ನ ಕೊಟ್ಟು ಕಳ್ಸು."

"ಆಯ್ತು ಕಣವ್ವ, ನೀನ್ ಹೇಳ್ದಂಗೆ."

ಬೆಳಿಗ್ಗೆ ಬಾಡಿಗೆ ಕಾರು ಬಾಗಿಲಿಗೆ ಬಂತು. ಅವರು ಪಕ್ಕದ ಮನೆಯ ಮೇಕೆಮರಿ ಚೆನ್ನಾಗಿದೆ ಅಂದರು, ಮೇಕೆಮರಿ ಕಾರಿಗೆ ಹೋಯಿತು. ತಾಮ್ರದ ಹಂಡೆ ಚೆನ್ನಾಗಿದೆ ಅಂದರು, ಬಿಸಿನೀರು ಚೆಲ್ಲಿ ಹಂಡೆಯೂ ಹೋಯಿತು. ದಾರಿಯಲ್ಲಿ ಬಂದ ಪಟೇಲರ ಪೇಟ ಚೆನ್ನಾಗಿದೆ ಅಂದರು, ಪಟೇಲರು ಬೋಳುತಲೆ ಸವರಿಕೊಂಡು ನಿಂತರು. ದಂಪತಿ ಮಾತ್ರ ಹಲ್ಲು ಕಿರಿದು ನಗುತ್ತಿದ್ದರು.

ಅಷ್ಟರಲ್ಲಿ ಮರಿಯಪ್ಪ ಮಗಳನ್ನು ಕರೆದುಕೊಂಡು ಬಸ್ಸಿಳಿದು ಬಂದ. ಸ್ನೇಹಿತರ ನಗು ನೋಡಿದ, ಅವನ ಎದೆಯೂ ತಣ್ಣಗಾಯಿತು. ಮಾತು ಮಾತೇ ತಂಗಿ, ತಾಂಬೂಲ ಬದಲಿಸಿಬಿಡೋಣ ಅಂತ ಎಲೆಯಡಿಕೆ ತರಲು ಅವಳ ಜೊತೆ ಒಳಗೆ ಹೋದ. ಸುಕನ್ಯಾ ಬಾಡಿದ ಮುಖ ಹೊತ್ತು ಜಗಲಿಯಲ್ಲೇ ನಿಂತಳು. ಮಾರಿಟ್ ಅವಳ ಕೆನ್ನೆ ಸವರಿ, "ಚೆನ್ನಾಗಿದೆ" ಅಂದಳು.

ಅವ್ವನ ಮಾತು ಮೀರುವುದುಂಟೇ? ಬೋರಲಿಂಗ ಸುಕನ್ಯಾಳ ಕೈ ಹಿಡಿದು ಕರೆದೊಯ್ದು ಮೇಕೆಮರಿಯ ಪಕ್ಕ ಕೂರಿಸಿದ. ಅವಳು ಅವನನ್ನು ನೋಡಿದಳು, ಮನೆಯ ಬಾಗಿಲನ್ನು ನೋಡಿದಳು. ಮೆಲ್ಲಗೆ, "ಬೇಗ ಬಾಗಿಲು ಹಾಕಪ್ಪ, ಅಪ್ಪ ಬಂದುಬಿಡ್ತಾನೆ" ಅಂದಳು. ಅವನು ಕಾರಿನ ಬಾಗಿಲು ಹಾಕಿದ. ಕಾರು ಹೊರಟಿತು.

ಎಲೆಯಡಿಕೆಯ ತಟ್ಟೆ ಹಿಡಿದು ಬಂದ ಕೆಂಪಾಜಮ್ಮ ವಿಷಯ ಗೊತ್ತಾಗಿ ಅದನ್ನು ಜಗಲಿಗೆ ಕುಕ್ಕಿದಳು. "ನಿನ್ನ ಹೆಂಡ್ತಿ ಆಗೋಳಲ್ವೇನೋ ಅವಳು!"

"ಅವರು ಚೆನ್ನಾಗಿದೆ ಅಂದ್ರು ಕಣವ್ವ, ಕೊಟ್ಟೆ. ನಾನೂ ಚಿಕ್ಕಂದಿಂದ ಅವಳು ಚೆನ್ನಾಗವ್ಳೆ ಅಂತಿದ್ದೆ. ನಂಗ್ಯಾರೂ ಕೊಡ್ಲಿಲ್ಲ."

"ನಿಂತು ಮಾತಾಡ್ತೀಯಲ್ಲೋ! ಓಡೋ, ಕಾರಿನ ಹಿಂದೆ ಓಡೋ!"

"ಆಯ್ತು ಕಣವ್ವ, ನೀನ್ ಹೇಳ್ದಂಗೆ."

ಓಡಿದ ನೋಡಿ, ಊರಿನ ನಾಯಿಗಳೆಲ್ಲ ಬೆರಗಾಗುವ ಹಾಗೆ ಓಡಿದ. ರೈಲ್ವೆ ಗೇಟು ಹಾಕಿತ್ತು, ಕಾರು ನಿಂತಿತು. ಬೋರಲಿಂಗನೂ ಕಾರಿನ ಹಿಂದೆ ಕೈಕಟ್ಟಿ ನಿಂತ. ರೈಲು ಹೋಯಿತು, ಗೇಟು ತೆಗೆಯಿತು, ಕಾರು ಹೊರಟಿತು, ಇವನೂ ಹಿಂದೆ ಓಡಿದ. ಹಿಂದಿನ ಗಾಜಿನಿಂದ ಸುಕನ್ಯಾ ಕೈ ಬೀಸಿದಳು, ಇವನೂ ಬೀಸಿದ. ಅವಳು ಹಾಸನದಲ್ಲಿ ಇಳಿದು ನರ್ಸಿಂಗ್ ಓದಲು ಸೇರಿದಳಂತೆ.

ಬೋರಲಿಂಗ ದೀಪ ಹಚ್ಚುವ ಹೊತ್ತಿಗೆ ಏದುಸಿರು ಬಿಡುತ್ತ ಮನೆಗೆ ಬಂದ. ಬರಿಗೈ ನೋಡಿ ತಾಯಿ ಬಾಯಿ ತೆರೆಯುವ ಮೊದಲೇ ಹೆಮ್ಮೆಯಿಂದ ಹೇಳಿದ: "ಅವ್ವ, ಈ ಸಲ ಬೈಯಂಗಿಲ್ಲ. ಹಿಂದೇನೇ ಓಡ್ದೆ. ಒಂದ್ಸಲಾನೂ ಮುಂದೆ ಹೋಗ್ಲಿಲ್ಲ."