ಹಾಡಿಗೊಂದು ಹೆಂಚು

ಕಂಚಿಗನಕೋಟೆಯ ದೊರೆ ಕೆಂಚಭೂಪಾಲನಿಗೆ ಸಂಗೀತ ಅಂದರೆ ಪ್ರಾಣ. ರಾಗ ಯಾವುದು, ತಾಳ ಯಾವುದು ಅಂತ ಗೊತ್ತಿಲ್ಲ, ಅದು ಬೇರೆ ಮಾತು. ಅದನ್ನು ಹೇಳಿಕೊಡೋಕೆ ಆಸ್ಥಾನ ವಿದ್ವಾಂಸ ಇದ್ದನಲ್ಲ, ಗಾನಗಜಸಿಂಹ ಸುಬ್ಬಾಪಂಡಿತ. ಹೊಟ್ಟೆ ನೋಡಿದರೆ ಗಜ, ಸಿಟ್ಟು ನೋಡಿದರೆ ಸಿಂಹ. ಗಾನದ ವಿಚಾರ ಈಗ ಯಾಕೆ ಬಿಡಿ.

ಒಂದು ದಿನ ತುಂಬಿದ ಸಭೆಯಲ್ಲಿ ಪಂಡಿತ ಕೊಚ್ಚಿಕೊಂಡ. "ಪ್ರಭು, ನಾನು ಹಾಡಿದರೆ ಕಲ್ಲೂ ಕರಗುತ್ತೆ."

ಸಾಲಿನ ತುದಿಯಲ್ಲಿ ಕೂತಿದ್ದ ಆಸ್ಥಾನದ ವಿದೂಷಕ ಅಚ್ಚಣ್ಣ ಸುಮ್ಮನಿರುವ ಆಸಾಮಿಯಲ್ಲ. "ಕಲ್ಲಿನ ವಿಷಯ ನನಗೆ ಗೊತ್ತಿಲ್ಲ ಸ್ವಾಮಿ. ಹಾಡುಚಾವಡಿಯ ಹೆಂಚಂತೂ ಕರಗಿಹೋಗಿದೆ. ಒಳಗೆ ಕೂತರೆ ಮೋಡ ನೋಡಬಹುದು."

ಹಾಡುಚಾವಡಿ ಅಂದರೆ ಊರ ಜನ ತಾವೇ ಕಟ್ಟಿಕೊಂಡಿದ್ದ ಜಾಗ. ಅರಮನೆಯದಲ್ಲ, ಗುಡಿಯದಲ್ಲ, ಯಾರಪ್ಪನ ಮನೆಯದೂ ಅಲ್ಲ. ಸಂಜೆಯಾದರೆ ಗಾಣದವರು, ನೇಕಾರರು, ಗಾಡಿ ಹೊಡೆಯುವವರು ಬಂದು ಕೂತು ಬಾಯ್ತುಂಬ ಹಾಡುತ್ತಿದ್ದರು. ಹೋದ ವರ್ಷ ಪಂಡಿತ ದೊರೆಯ ಕಿವಿ ಊದಿ, ಶಾಸ್ತ್ರ ಕಲಿಯದವರು ಅಲ್ಲಿ ಬಾಯಿ ಬಿಡಕೂಡದು ಅಂತ ಅಪ್ಪಣೆ ಮಾಡಿಸಿದ್ದ. ಅಲ್ಲಿಂದ ಈಚೆಗೆ ಹಾಡಿದವನು ಅವನೊಬ್ಬನೇ. ಕೇಳಿದ್ದು ಕೋತಿಗಳು. ಹೆಂಚು ಒಡೆದದ್ದೂ ಅವೇ. ಪಾಪ, ಅವಕ್ಕೂ ತಾಳ್ಮೆ ಅಂತ ಒಂದು ಇರುತ್ತಲ್ಲ.

ಸಭೆ ಕಿಸಕ್ಕನೆ ನಕ್ಕಿತು. ದೊರೆಗೆ ರೇಗಿತು.

"ಅಚ್ಚಣ್ಣ, ನಿನ್ನ ನಾಲಿಗೆಗೆ ಕೆಲಸ ಕೊಡ್ತೀನಿ. ಮಳೆಗಾಲ ಹಿಡಿಯೋದರೊಳಗೆ ಆ ಸೂರು ಸರಿಯಾಗಬೇಕು. ಬೊಕ್ಕಸದಿಂದ ಬಿಡಿಗಾಸೂ ಸಿಗಲ್ಲ. ನಿನ್ನ ಕೈಲಾಗದಿದ್ದರೆ ಚಾವಡಿ ಕೆಡವಿಸಿ ಕುದುರೆ ಲಾಯ ಕಟ್ಟಿಸ್ತೀನಿ."

ಸುದ್ದಿ ಅಚ್ಚಣ್ಣನಿಗಿಂತ ಮುಂಚೆ ಊರು ಸೇರಿತ್ತು. ಗಾಣದ ಪುಟ್ಟೀರಮ್ಮ, ಆ ಚಾವಡಿಯಲ್ಲಿ ಹಾಡುತ್ತಲೇ ಹಲ್ಲು ಉದುರಿಸಿಕೊಂಡ ಮುದುಕಿ, ಅವನ ಮನೆ ಜಗಲಿಯ ಮೇಲೆ ಕಾದು ಕೂತಿದ್ದಳು.

"ಸುಮ್ಮನಿರಲಾರದೆ ಇರುವೆ ಬಿಟ್ಕೊಂಡೆಯಲ್ಲೋ ಅಪ್ಪಾ. ಇವತ್ತಲ್ಲ ನಾಳೆ ಬಾಗಿಲು ತೆಗೀತಾರೆ ಅಂತ ಕಾಯ್ತಿದ್ದೆ. ಮನೇಲಿ ಹಾಡಿದರೆ ಸೊಸೆ ಕಿವಿ ಮುಚ್ಕೋತಾಳೆ. ಹಾಡದಿದ್ದರೆ ನನಗೆ ಉಂಡಿದ್ದು ಮೈಗೆ ಹತ್ತಲ್ಲ. ಇನ್ನು ಕುದುರೆಗಳ ಮುಂದೆ ಹಾಡ್ಲಾ?"

ಅಚ್ಚಣ್ಣ ಅಜ್ಜಿಯ ಪಕ್ಕದಲ್ಲಿ ಕೂತ. "ಅಜ್ಜಿ, ಮೊದಲೆಲ್ಲ ಆ ಸೂರನ್ನು ಯಾರು ನೋಡ್ಕೋತಿದ್ದರು?"

"ಯಾರೇನು, ಹಾಡಿದೋರೇ. ಸೂರಲ್ಲಿ ತೂತು ಕಂಡರೆ ಹಾಡಿಗೊಂದು ಹೆಂಚು. ಅವರವರ ಮನೆ ಸೂರಿಂದ ತೆಗೆದು ತರಬೇಕು, ತಮ್ಮ ಕೈಯಾರೆ ಹೊದಿಸಬೇಕು. ಅದು ನಮ್ಮ ಕಟ್ಟಳೆ. ನಿಮ್ಮ ಪಂಡಿತ ಬಂದಮೇಲೆ ಅದೂ ಹೋಯ್ತು."

ಅಚ್ಚಣ್ಣ ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿ, ಬಂದ ದಾರಿಯಲ್ಲೇ ಅರಮನೆಗೆ ಹೋದ.

"ಪ್ರಭು, ನಾಳೆ ಚಾವಡಿಯಲ್ಲಿ ಪಂಡಿತರ ಕಛೇರಿ. ತಾವೂ ಬರಬೇಕು. ಎಲ್ಲ ಹಳೇ ಕಟ್ಟಳೆಯಂತೆ ನಡೀಲಿ. ಸೂರು ಮುಚ್ಚಿದ ಮೇಲೇ ಮಂಗಳ. ಅಲ್ಲೀತನಕ ಯಾರೂ ಏಳೋಹಾಗಿಲ್ಲ."

ದೊರೆ ಹಿಂದೆಮುಂದೆ ನೋಡದೆ, "ಅಸ್ತು" ಅಂದ. ಪಂಡಿತ ಉಬ್ಬಿಹೋದ.

ಮರುದಿನ ಪಂಡಿತ ಎಳೆದೆಳೆದು ಒಂದು ಹಾಡು ಮುಗಿಸಿ ಶಾಲು ಸರಿಮಾಡಿಕೊಂಡ. ಅಚ್ಚಣ್ಣ ಏಣಿ ಹಿಡಿದು ನಿಂತಿದ್ದ.

"ಸ್ವಾಮಿ, ತಮ್ಮ ಮನೆಯಿಂದ ಒಂದು ಹೆಂಚು ತರಿಸಿ. ತಾವೇ ಹತ್ತಿ ಹೊದಿಸಬೇಕು."

"ನಾನೇ? ಗಾನಗಜಸಿಂಹ ಸೂರು ಹತ್ತೋದೇ?"

"ಗಜ ಹತ್ತೋದು ಕಷ್ಟ ನಿಜ. ಸಿಂಹ ಹತ್ತಲಿ."

ದೊರೆ ಮಾತು ಕೊಟ್ಟಾಗಿತ್ತು. ಪಂಡಿತ ಹತ್ತಿದ, ಇಳಿದ. ಮತ್ತೆ ಹಾಡು, ಮತ್ತೆ ಹೆಂಚು, ಮತ್ತೆ ಏಣಿ. ಮಧ್ಯಾಹ್ನದ ಹೊತ್ತಿಗೆ ಅವನ ಗಂಟಲು ಎಣ್ಣೆ ಕಾಣದ ಗಾಡಿಯ ಅಚ್ಚಿನಂತೆ ಕಿರುಗುಟ್ಟುತ್ತಿತ್ತು. ದೊರೆಗೆ ಕಾಲು ಜೋಮು ಹಿಡಿದಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು. ಸೂರಿನಲ್ಲಿ ಒಂದು ಮೂಲೆಯಷ್ಟೇ ಮುಚ್ಚಿತ್ತು.

ಅಷ್ಟರಲ್ಲಿ ಪಂಡಿತನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ನುಗ್ಗಿದಳು. "ರೀ, ಸಾಕು ನಿಮ್ಮ ಹಾಡು. ಅಡುಗೆಮನೆ ಮೇಲೆ ಒಂದು ಹೆಂಚೂ ಉಳಿದಿಲ್ಲ. ಕಾಗೆ ಬಂದು ಸಾರಿಗೆ ಬಾಯಿ ಹಾಕ್ತಿದೆ."

ದೊರೆ ದೈನ್ಯದಿಂದ ಅಚ್ಚಣ್ಣನ ಮುಖ ನೋಡಿದ. "ಈ ಊರಲ್ಲಿ ಹಾಡೋರು ಬೇರೆ ಯಾರೂ ಇಲ್ವೇನಯ್ಯಾ?"

"ಊರಿಗೆ ಊರೇ ಇದೆ ಪ್ರಭು. ಆದರೆ ಅವರಿಗೆ ಯೋಗ್ಯತೆ ಇಲ್ಲ ಅಂತ ತಮ್ಮದೇ ಅಪ್ಪಣೆ."

"ಯೋಗ್ಯತೆ ಮನೆ ಹಾಳಾಗ. ಅಪ್ಪಣೆ ರದ್ದು. ಬಂದವರೆಲ್ಲ ಹಾಡಲಿ, ಯಾವತ್ತೂ ಹಾಡಲಿ. ನನ್ನನ್ನು ಊಟಕ್ಕೆ ಬಿಡು."

ಅಚ್ಚಣ್ಣ ಬಾಗಿಲು ತೆಗೆದ. ಹೊರಗೆ ಜನ ಕಂಕುಳಲ್ಲಿ ಒಂದೊಂದು ಹೆಂಚು ಇಟ್ಟುಕೊಂಡು ಕಾಯುತ್ತಿದ್ದರು. ಮುಂದೆ ನಿಂತವಳು ಪುಟ್ಟೀರಮ್ಮ. ಗಾಡಿಯವರು ಹಾಡಿದರು, ನೇಕಾರರು ಹಾಡಿದರು. ಹುಟ್ಟುಕಿವುಡ ಮಾರ ತಮಟೆ ಬಡಿದ, ಅದೂ ಹಾಡೇ ಅಂತ ಊರು ಒಪ್ಪಿತು. ಹೊತ್ತು ಇಳಿಯುವಷ್ಟರಲ್ಲಿ ಸೂರು ಮುಚ್ಚಿ, ಎಲ್ಲರೂ ಸೇರಿ ಮಂಗಳ ಹಾಡಿದರು. ದೊರೆ ಊಟಕ್ಕೆ ಓಡಿದ್ದು ಆಮೇಲೇ.

ಮೊದಲ ಮಳೆ ಧೋ ಅಂತ ಸುರಿದ ದಿನ ಚಾವಡಿ ಕಿಕ್ಕಿರಿದಿತ್ತು. ದೊರೆಯೂ ಬಂದಿದ್ದ, ಈ ಸಲ ಉಂಡುಕೊಂಡು. ಒಂದು ಮೂಲೆ ಬಿಟ್ಟರೆ ಎಲ್ಲೂ ಹನಿ ಬೀಳಲಿಲ್ಲ. ಆ ಮೂಲೆ ಪಂಡಿತ ಹೊದಿಸಿದ್ದು. ಪುಣ್ಯಾತ್ಮ ಹೆಂಚುಗಳನ್ನೆಲ್ಲ ಮಗುಚಿ ಇಟ್ಟಿದ್ದ.

ಪುಟ್ಟೀರಮ್ಮ ಹಾಡತೊಡಗಿದಳು. ನಡುಮಧ್ಯೆ ಬೆಚ್ಚಗೆ ಕೂತಿದ್ದ ಪಂಡಿತ ಮುಖ ಸಿಂಡರಿಸಿದ. "ಶ್ರುತಿಯಿಲ್ಲ, ಲಯವಿಲ್ಲ. ಪ್ರಭು, ಇಂಥವರ ಜೊತೆ ನಾನು ಹೇಗೆ ಕೂರಲಿ?"

ಅಚ್ಚಣ್ಣ ಎದ್ದು ಕೈಮುಗಿದ. "ಇಲ್ಲಿ ಯಾಕೆ ಕೂತಿರಿ ಸ್ವಾಮಿ? ನಿಮ್ಮ ತಲೆ ಮೇಲಿರೋದೆಲ್ಲ ಇಂಥವರ ಹೆಂಚೇ. ಬರೀ ವಿದ್ವಾಂಸರ ಹೆಂಚು ಇರೋ ಮೂಲೆ ಅದೋ ಅಲ್ಲಿದೆ. ತಮಗೇ ಅಂತ ಖಾಲಿ ಬಿಟ್ಟಿದ್ದೀವಿ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊರಳಿನ ಹಾರ ತೆಗೆದು ಅಚ್ಚಣ್ಣನಿಗೆ ಹಾಕಿದ.

ಪಂಡಿತ ಕೂತ ಜಾಗ ಬಿಟ್ಟು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಪುಟ್ಟೀರಮ್ಮನ ಹಾಡಿಗೆ ತೊಡೆಯ ಮೇಲೆ ತಾಳವನ್ನೂ ಹಾಕತೊಡಗಿದ.